ವರ್ಕ್‌ಶಾಪಿನ ಸಂಡಾಸಿನಲ್ಲಿ ಗೋಡೆಗೆ ತೂಗುವ ಕಮೋಡ್ ಕೂರಿಸುವ ಬಗೆ

ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದು ಹದಿನಾಲ್ಕು ಮಂದಿಯ ಸಣ್ಣ ಮಷಿನ್ ಶಾಪ್. ಫೌಂಡ್ರಿಯಿಂದ ಬೀಡಿನ, ಅಂದರೆ ಎರಕದ ಕಬ್ಬಿಣದ, ಬಾಡಿಗಳು ಬರುತ್ತವೆ. ಬೋರಿಂಗ್, ಮಿಲ್ಲಿಂಗ್ ಮಾಡಿ ವಾಪಸ್ ಕಳಿಸುತ್ತೇವೆ. ಶಾಪಿನ ಹಿಂದೆ ಮೊದಲಿನಿಂದ ಇದ್ದದ್ದು ಒಂದೇ ಸಂಡಾಸ, ಕುಕ್ಕರಗಾಲಲ್ಲಿ ಕೂರುವ ಹಳೇ ಇಂಡಿಯನ್ ಪಾಟ್.

ನಮ್ಮ ಲೇಥ್ ಕಾಕಾ ಅವರಿಗೆ ಅರವತ್ತು ಹತ್ತಿರ ಬಂತು. ಎರಡೂ ಮೊಣಕಾಲು ಹಿಡಿದುಕೊಂಡಿವೆ. ಬೆಳಿಗ್ಗೆ ಬಂದರೆ ಸಂಜೆ ಮನೆ ಸೇರುವ ತನಕ ತಡೆದುಕೊಂಡೇ ಇರುತ್ತಾರೆ, ಅದಕ್ಕೇ ನೀರು ಕುಡಿಯುವುದನ್ನೂ ಕಡಿಮೆ ಮಾಡಿದ್ದಾರೆ ಅನ್ನೋದು ನನಗೆ ಗೊತ್ತಾಗಿದ್ದು ತಡವಾಗಿ. ನನಗೆ ಕೆಲಸ ಕಲಿಸಿದವರು ಅವರು. ಅವತ್ತೇ ಕಮೋಡ್ ಹಾಕಿಸಬೇಕು ಅಂತ ನಿರ್ಧರಿಸಿದೆ.

ನೆಲದ ಮೇಲೆ ಕೂರಿಸುವ ಕಮೋಡ್ ಅಗ್ಗ, ಕೆಲಸವೂ ಸುಲಭ. ಆದರೆ ಮಷಿನ್ ಶಾಪಿನ ನೆಲ ಮನೆಯ ನೆಲದ ಥರ ಅಲ್ಲ. ಎಲ್ಲರ ಬೂಟಿನಲ್ಲೂ ಬೀಡಿನ ಕಪ್ಪು ಪುಡಿ, ಕೂಲಂಟ್ ಎಣ್ಣೆ ಅಂಟಿರುತ್ತೆ. ಕಮೋಡಿನ ಬುಡಕ್ಕೆ ಹಾಕಿದ ಬಿಳಿ ಸಿಮೆಂಟ್ ಒಂದೇ ತಿಂಗಳಲ್ಲಿ ಕಪ್ಪಾಗುತ್ತೆ, ಬಿರುಕು ಬಿಡುತ್ತೆ, ಆ ಸಂದಿನಲ್ಲಿ ವಾಸನೆ ಕೂರುತ್ತೆ. ಗೋಡೆಗೆ ತೂಗಿದರೆ ಅಡಿಯಲ್ಲಿ ನೆಲ ಖಾಲಿ. ಪೈಪ್ ಹಿಡಿದು ನೀರು ಹೊಡೆದು, ಪೊರಕೆ ಎಳೆದರೆ ಮುಗಿಯಿತು. ತೊಳೆಯುವವರಿಗೂ ಒಂದು ಮರ್ಯಾದೆ. ಹಳೇ ಪಾಟನ್ನು ತೆಗೆಸಲಿಲ್ಲ, ಅದೇ ಬೇಕು ಅನ್ನುವವರು ಇದ್ದಾರೆ. ಪಕ್ಕದ ಸಾಮಾನಿನ ಕೋಣೆ ಖಾಲಿ ಮಾಡಿ ಹೊಸದನ್ನು ಅಲ್ಲಿ ಮಾಡಿದೆವು.

ಮೊದಲ ಪ್ರಶ್ನೆ ನೀರು. ಯಾವ ಕಂಪನಿಯ ಕಮೋಡ್ ಅನ್ನೋದು ಆಮೇಲಿನ ಮಾತು. ದೊಡ್ಡ ಕಾರ್ಖಾನೆ, ರೈಲ್ವೇ ಸ್ಟೇಷನ್, ಮಾಲ್‌ಗಳಲ್ಲಿ ಕಮೋಡಿನ ಹಿಂದೆ ಸಿಸ್ಟರ್ನ್, ಅಂದರೆ ಫ್ಲಶ್ ನೀರಿನ ಡಬ್ಬಿ, ಇಲ್ಲದೆ ನೇರ ಪೈಪಿಗೇ ಜೋಡಿಸಿದ ಫ್ಲಶ್ ವಾಲ್ವ್ ಇರುತ್ತೆ ನೋಡಿ, ನನಗೆ ಬೇಕಾಗಿದ್ದು ಅದು. ಊಟದ ಬಿಡುವಿನಲ್ಲಿ ಒಬ್ಬರ ಹಿಂದೆ ಒಬ್ಬರು ಹೋಗುತ್ತಾರೆ. ಸಿಸ್ಟರ್ನ್ ಆದರೆ ಮತ್ತೆ ತುಂಬುವ ತನಕ ಕಾಯಬೇಕು. ವಾಲ್ವ್‌ಗೆ ಆ ಕಾಯುವಿಕೆ ಇಲ್ಲ. ಇದೇನು ಹೊಸ ವಸ್ತುವಲ್ಲ. ಶಿಕಾಗೋದಲ್ಲಿ ವಿಲಿಯಂ ಎಲ್ವಿಸ್ ಸ್ಲೋನ್ 1906ರಲ್ಲೇ ಇದರ ಕಂಪನಿ ಶುರು ಮಾಡಿದ್ದರು. ಒಳಗಿನ ಕೆಲಸ ಇವತ್ತಿಗೂ ಹೆಚ್ಚುಕಮ್ಮಿ ಅದೇ.

ಆದರೆ ವಾಲ್ವ್ ಹಾಕುವವರು ಒಂದು ಲೆಕ್ಕ ಮಾಡಲೇಬೇಕು. ಒಂದು ಫ್ಲಶ್‌ಗೆ ಸುಮಾರು 6 ಲೀಟರ್ ನೀರು ನಾಲ್ಕೈದು ಸೆಕೆಂಡಿನಲ್ಲಿ ಬರಬೇಕು. ಅಂದರೆ ಸೆಕೆಂಡಿಗೆ ಒಂದೂಕಾಲರಿಂದ ಒಂದೂವರೆ ಲೀಟರ್. ಇದು ನಳದ ನೀರಿನ ಲೆಕ್ಕ ಅಲ್ಲ. ಒತ್ತಡ ಎಷ್ಟು ಅಂತ ತಿಳಿಯಲು ಗೇಜ್ ಬೇಕಾಗಿಲ್ಲ. ಮೇಲಿನ ನೀರಿನ ಟ್ಯಾಂಕಿನ ತಳದಿಂದ ವಾಲ್ವ್‌ವರೆಗೆ ನೇರ ಇಳಿತ ಅಳೆಯಿರಿ. 10 ಮೀಟರ್‌ಗೆ ಹತ್ತಿರ ಹತ್ತಿರ 1 ಬಾರ್. ನಮ್ಮಲ್ಲಿ ಇದ್ದದ್ದು 4 ಮೀಟರ್, ಅಂದರೆ ಬರೀ 0.4 ಬಾರ್. ಅದೂ ಒಂದು ಇಂಚಿನ ಪೈಪು, ಅದರಲ್ಲೇ ಕೈ ತೊಳೆಯುವ ಬೇಸಿನ್, ಕೂಲಂಟ್ ಟಾಕಿ ಎಲ್ಲಕ್ಕೂ ನೀರು.

ಒಂದು ಬಕೆಟ್ ಪರೀಕ್ಷೆ ಮಾಡಿ, ಖರ್ಚಿಲ್ಲ. ವಾಲ್ವ್ ಬರುವ ಜಾಗದಲ್ಲಿ ಪೈಪಿನ ಬಾಯಿ ಬಿಚ್ಚಿ, 15 ಲೀಟರ್ ಬಕೆಟ್ ಹಿಡಿದು, ಮೊಬೈಲಿನಲ್ಲಿ ಸೆಕೆಂಡ್ ನೋಡಿ. 10 ಸೆಕೆಂಡಿನಲ್ಲಿ ತುಂಬಿದರೆ ಒಳ್ಳೆಯದು. ನಮ್ಮದು 27 ಸೆಕೆಂಡ್ ತಗೊಂಡಿತು. ಅಷ್ಟು ನೀರಿಗೆ ಎಷ್ಟೇ ದುಬಾರಿ ವಾಲ್ವ್ ಹಾಕಿದರೂ ಹೊಲಸು ಅಲ್ಲೇ ತಿರುಗುತ್ತಿರುತ್ತೆ.

ಹಾಗಾಗಿ ಎರಡು ಕೆಲಸ ಮಾಡಿದೆವು. ಟ್ಯಾಂಕನ್ನು ಎರಡೂವರೆ ಮೀಟರ್ ಎತ್ತರದ ಸ್ಟ್ಯಾಂಡಿಗೆ ಏರಿಸಿದೆವು. 1000 ಲೀಟರ್ ನೀರು ಅಂದರೆ ಒಂದು ಟನ್ ತೂಕ, ಸ್ಟ್ಯಾಂಡಿನ ನಾಲ್ಕೂ ಕಾಲು ಆರ್‌ಸಿಸಿ ಕಂಬದ ಮೇಲೇ ಬರಬೇಕು. ಬರೀ ಸ್ಲ್ಯಾಬ್ ನಂಬಬೇಡಿ. ಇನ್ನೊಂದು, ಟ್ಯಾಂಕಿನಿಂದ ಈ ವಾಲ್ವ್‌ಗೆ ಅಂತಲೇ ಪ್ರತ್ಯೇಕವಾಗಿ 50 ಮಿಮೀ ಪೈಪ್ ಇಳಿಸಿದೆವು. ನಡುವೆ ಬೇರೆ ಯಾವ ನಳವೂ ಇಲ್ಲ, ನೀರು ಬಂದ್ ಮಾಡುವ ಬಾಲ್ ವಾಲ್ವ್ ಕೂಡ ಪೂರ್ತಿ ಬಾಯಿಯದು. ಸೆಕೆಂಡಿಗೆ ಒಂದೂವರೆ ಲೀಟರ್ ನೀರು 25 ಮಿಮೀ ಪೈಪಿನಲ್ಲಿ ಹೋಗಬೇಕಾದರೆ ಸೆಕೆಂಡಿಗೆ 3 ಮೀಟರ್ ಓಡಬೇಕು. 50ರಲ್ಲಿ ಮುಕ್ಕಾಲು ಮೀಟರ್ ಸಾಕು. ಓಟ ಜಾಸ್ತಿ ಆದಷ್ಟು ಒತ್ತಡ ಪೈಪಿನಲ್ಲೇ ಸೋರಿಹೋಗುತ್ತೆ. ಆಮೇಲೆ ಬಕೆಟ್ 10 ಸೆಕೆಂಡಿಗೆ ತುಂಬಿತು.

ವಾಲ್ವ್ ಕೊಳ್ಳುವಾಗ ಕನಿಷ್ಠ ಎಷ್ಟು ಒತ್ತಡ ಬೇಕು ಅಂತ ಡಬ್ಬಿ ಮೇಲೆ ಓದಿ. 32 ಮಿಮೀ, 40 ಮಿಮೀ ಎರಡೂ ಸಿಗುತ್ತವೆ. ನಮ್ಮಂಥ ಕಡಿಮೆ ಎತ್ತರದ ಟ್ಯಾಂಕಿಗೆ 40 ಒಳ್ಳೆಯದು. ವ್ಯಾಕ್ಯೂಮ್ ಬ್ರೇಕರ್ ಇರುವುದನ್ನೇ ಕೇಳಿ ತನ್ನಿ. ಟ್ಯಾಂಕ್ ಖಾಲಿಯಾಗಿ ಪೈಪು ಹಿಂದಕ್ಕೆ ಎಳೆದರೆ ಕಮೋಡಿನ ನೀರು ಮೇಲೇರಬಾರದು, ಅದಕ್ಕೆ ಅದು. ಟ್ಯಾಂಕ್ ಏರಿಸಲು ಆಗೋದೇ ಇಲ್ಲ ಅಂದರೆ ಗೋಡೆಯೊಳಗೆ ಅಡಗುವ ಸಿಸ್ಟರ್ನ್ ಹಾಕಿ. ಅದು ನಿಧಾನವಾಗಿ ತುಂಬಿಕೊಂಡರೂ ಬಿಡುವಾಗ ಒಮ್ಮೆಲೇ ಬಿಡುತ್ತೆ. ಒಳ್ಳೇ ಸಿಸ್ಟರ್ನ್, ನೀರಿಲ್ಲದ ವಾಲ್ವ್‌ಗಿಂತ ಎಷ್ಟೋ ಮೇಲು.

ಇನ್ನು ತೂಕದ ವಿಷಯ. ಇಲ್ಲೇ ಜಾಸ್ತಿ ಜನ ಎಡವುತ್ತಾರೆ.

ನಮ್ಮ ಗೋಡೆ 9 ಇಂಚಿನ ಜಂಬಿಟ್ಟಿಗೆಯದು. ಈ ಕಡೆಯ ಹಳೇ ಶೆಡ್ಡುಗಳು ಎಷ್ಟೋ ಹಾಗೇ. ಕೆಂಪು ಕಲ್ಲು, ತೂತು ತೂತು, ಕಡಿಯಲು ಸುಲಭ. ಪರೀಕ್ಷೆಗೆ ಅಂತ ಹ್ಯಾಮರ್ ಡ್ರಿಲ್ಲಿನಿಂದ ಒಂದು ತೂತು ಹೊಡೆದೆವು. ಬಿಟ್ ಬೆಣ್ಣೆಯೊಳಗೆ ಹೋದಂತೆ ಹೋಯಿತು. ಅರಿಶಿನ ಕುಂಕುಮ ಬೆರೆಸಿದ ಬಣ್ಣದ ಪುಡಿ ಸುರಿಯಿತು. 12 ಮಿಮೀ ಆಂಕರ್ ಬೋಲ್ಟ್ ಹಾಕಿ ಪಾನಾ ತಿರುಗಿಸಿದರೆ ಬಿಗಿಯಾಗುವ ಬದಲು ಪೂರ್ತಿ ಆಂಕರೇ ಗಿರಗಿರ ತಿರುಗಿತು. ವೆಲ್ಡಿಂಗ್ ಮಾಮಾ ಪಕ್ಕದಲ್ಲೇ ನಿಂತಿದ್ದರು. "ಸರ, ಈ ಗ್ವಾಡಿ ಮ್ಯಾಗ ಕ್ಯಾಲೆಂಡರ್ ತೂಗ್ಬೋದ್ರಿ, ಮನಷ್ಯಾನ್ನ ತೂಗಾಕ ಬರೂದಿಲ್ಲ" ಅಂದರು. ಅವರು ಹೇಳಿದ್ದು ಖರೆ.

ಲೆಕ್ಕ ನೋಡಿ. 120 ಕೆಜಿ ಮನುಷ್ಯ ಕೂತರೆ ಅವನ ಭಾರ ಗೋಡೆಯಿಂದ ಸುಮಾರು 400 ಮಿಮೀ ದೂರದಲ್ಲಿ ಬೀಳುತ್ತೆ. ಕಮೋಡಿನ ಕೆಳ ಅಂಚು ಗೋಡೆಯನ್ನು ಒತ್ತುತ್ತೆ, ಮೇಲಿನ ಎರಡು ಬೋಲ್ಟ್ ಎಳೆತ ಹೊರುತ್ತವೆ. ಇವೆರಡರ ನಡುವೆ 250 ಮಿಮೀ ಅಂದುಕೊಂಡರೆ ಬೋಲ್ಟುಗಳ ಮೇಲಿನ ಎಳೆತ 190 ಕೆಜಿ ದಾಟುತ್ತೆ. ಧೊಪ್ಪನೆ ಕೂತರೆ ಇನ್ನೂ ಜಾಸ್ತಿ. ಎಂ12 ಬೋಲ್ಟಿಗೆ ಇದು ಏನೇನೂ ಅಲ್ಲ. ಕೆಂಪು ಕಲ್ಲಿಗೆ ಮಾತ್ರ ಆಗದ ಮಾತು. ಹಾಗಾಗಿ ಹೆಸರಿಗೆ ಗೋಡೆಗೆ ತೂಗುವ ಕಮೋಡ್ ಆದರೂ ಭಾರ ನೆಲಕ್ಕೆ ಇಳಿಯಬೇಕು. ಅದಕ್ಕೆ ಕಬ್ಬಿಣದ ಫ್ರೇಮ್ ಬೇಕು.

ಅಂಗಡಿಯಲ್ಲಿ ರೆಡಿ ಫ್ರೇಮ್ ಸಿಗುತ್ತೆ. ಮನೆಗಾದರೆ ಅದನ್ನೇ ತನ್ನಿ. ನಮ್ಮದು ಮಷಿನ್ ಶಾಪ್, ನಾವೇ ಮಾಡಿಕೊಂಡೆವು. 75 ಮಿಮೀ ಚಾನಲ್ಲಿನ ಎರಡು ಕಾಲು, 1150 ಮಿಮೀ ಎತ್ತರ. ಕೆಳಗೆ 150 ಮಿಮೀ ಚೌಕದ, 10 ಮಿಮೀ ದಪ್ಪದ ಪ್ಲೇಟು. ನೆಲ ಅಗೆದು ಅಲ್ಲಿ ಹೊಸ ಕಾಂಕ್ರೀಟ್ ಹಾಕಿ, ಅದು ಗಟ್ಟಿಯಾದ ಮೇಲೆ ಪ್ರತಿ ಪ್ಲೇಟಿಗೆ ನಾಲ್ಕು ಆಂಕರ್. ಮೇಲ್ತುದಿ ಮುಂದಕ್ಕೆ ಬಾಗದ ಹಾಗೆ ಗೋಡೆಯ ಆಚೆ ಬದಿಗೆ ಕೈ ಅಗಲದ ಪ್ಲೇಟ್ ಇಟ್ಟು, ಆರುಪಾರು ಬೋಲ್ಟ್ ಹಾಕಿ ಬಿಗಿದೆವು. ಮೆದು ಕಲ್ಲಿನ ಗೋಡೆಗೆ ಇದಕ್ಕಿಂತ ನಂಬುವಂಥ ದಾರಿ ಇಲ್ಲ.

ಎರಡು ಕಾಲುಗಳ ನಡುವೆ ಅಡ್ಡಪಟ್ಟಿಗಳ ಬದಲು 400 ಮಿಮೀ ಚೌಕದ, 10 ಮಿಮೀ ದಪ್ಪದ ಒಂದೇ ಪ್ಲೇಟ್ ಬೆಸೆದೆವು. ಅದರಲ್ಲಿ ಹೊರಹೋಗುವ ಪೈಪಿಗೆ 125 ಮಿಮೀ ಬೋರ್, ನೀರು ಬರುವ ಪೈಪಿಗೆ 65 ಮಿಮೀ ಬೋರ್. ಬೋಲ್ಟಿಗೆ 180 ಮಿಮೀ ಸೆಂಟರಿಗೆ ಒಂದು ಜೋಡಿ, 230 ಮಿಮೀ ಸೆಂಟರಿಗೆ ಇನ್ನೊಂದು ಜೋಡಿ ತೂತು. ಮಾರ್ಕೆಟ್ಟಿನ ಕಮೋಡುಗಳು ಸಾಮಾನ್ಯವಾಗಿ ಇವೆರಡರಲ್ಲಿ ಒಂದು ಅಳತೆಗೆ ಬರುತ್ತವೆ. ಮುಂದೆ ಯಾವತ್ತೋ ಕಮೋಡ್ ಒಡೆದು ಬೇರೆ ತಂದರೂ ಗೋಡೆ ಒಡೆಯುವ ಕೆಲಸ ಇರೋದಿಲ್ಲ. ಪೂರ್ತಿ ಪ್ಲೇಟ್ ಹಾಕಲು ಇನ್ನೊಂದು ಕಾರಣವೂ ಇದೆ. ಕಮೋಡಿನ ಕೆಳ ಅಂಚು ಒತ್ತುವ ಜಾಗದಲ್ಲಿ ಟೈಲಿನ ಹಿಂದೆ ಗಟ್ಟಿ ಆಸರೆ ಇಲ್ಲದಿದ್ದರೆ ಟೈಲು ಬಿರಿಯುತ್ತೆ.

ಎತ್ತರದ ಅಳತೆಯನ್ನು ಸಾಮಾನ್ಯವಾಗಿ ಹೀಗೆ ಇಡುತ್ತಾರೆ: ಮುಗಿದ ನೆಲದಿಂದ ಹೊರಹೋಗುವ ಪೈಪಿನ ಸೆಂಟರ್ 220 ಮಿಮೀ, ಬೋಲ್ಟ್ 320, ನೀರಿನ ಪೈಪ್ 355. ಹೀಗಿಟ್ಟರೆ ಕಮೋಡಿನ ಅಂಚು ಸುಮಾರು 400 ಮಿಮೀ ಎತ್ತರಕ್ಕೆ ಬರುತ್ತೆ. ನಾವು ಕಾಕಾ ಅವರ ಮೊಣಕಾಲು ನೆನೆಸಿ ಎಲ್ಲವನ್ನೂ 40 ಮಿಮೀ ಮೇಲೆತ್ತಿದೆವು. 260, 360, 395. ಅವರನ್ನೇ ಕರೆದು ಬೇರೆ ಬೇರೆ ಎತ್ತರಕ್ಕೆ ಮರದ ಹಲಗೆ ಜೋಡಿಸಿ ಕೂರಿಸಿ, ಕೈ ಊರದೆ ಏಳಲು ಆಗುವ ಎತ್ತರ ಯಾವುದು ಅಂತ ನೋಡಿದ ಮೇಲೆ ಬಂದ ಅಳತೆ ಅದು. ಗೋಡೆಗೆ ತೂಗುವುದರಲ್ಲಿ ಈ ಅನುಕೂಲ ಇದೆ, ಎತ್ತರ ನಮ್ಮ ಕೈಯಲ್ಲಿ. ನೀವು ಕಮೋಡ್ ಮೊದಲೇ ತಂದು ಬೆನ್ನಿನ ಕಡೆ ಟೇಪ್ ಹಿಡಿದು ಅಳೆಯಿರಿ. ಚಿತ್ರ ನೋಡಿ ತೂತು ಕೊರೆಯಬೇಡಿ.

"ಮುಗಿದ ನೆಲ" ಅನ್ನೋ ಮಾತು ಮರೀಬೇಡಿ. ಗವಂಡಿ ಬಂದು ಮಸಾಲಾ ಹಾಕಿ, ಇಳಿಜಾರು ಕೊಟ್ಟು, ಟೈಲ್ ಹಾಕಿದ ಮೇಲೆ ನೆಲ ಎರಡು ಇಂಚು ಮೇಲೆ ಬಂದಿರುತ್ತೆ. ನಾವು ಲೆವೆಲ್ ಪೈಪಿನಿಂದ ಗೋಡೆ ಸುತ್ತ ಮುಗಿದ ನೆಲಕ್ಕಿಂತ ಸರಿಯಾಗಿ 1000 ಮಿಮೀ ಮೇಲೆ ಒಂದು ನೀಲಿ ಗೆರೆ ಹೊಡೆದೆವು. ಎಲ್ಲ ಅಳತೆಯೂ ಆ ಗೆರೆಯಿಂದ ಕೆಳಗೆ. ಗವಂಡಿಗೂ ಅದೇ ಗೆರೆ, ನಳದವರಿಗೂ ಅದೇ.

ಹೊರಹೋಗುವ ಪೈಪು 110 ಮಿಮೀ, ರಬ್ಬರ್ ರಿಂಗ್ ಇರುವಂಥದ್ದು. ಮೀಟರಿಗೆ 25 ಮಿಮೀ ಇಳಿಜಾರು ಕೊಟ್ಟೆವು. ಹೊಲಸು ನೀರು ಸೇರುವ ಛೇಂಬರ್ 6 ಮೀಟರ್ ದೂರ, ಅಲ್ಲಿಗೆ 150 ಮಿಮೀ ಇಳಿತ. ಕಮೋಡಿನಿಂದ ಹೊರಬಂದ ಪೈಪಿಗೆ ಹತ್ತಿರದಲ್ಲೇ ಒಂದು ಗಾಳಿ ಪೈಪ್ ಜೋಡಿಸಿ ಮಾಡಿನ ಮೇಲೆ ಒಯ್ಯಿರಿ. ಅದಿಲ್ಲದಿದ್ದರೆ ನೀರು ಜೋರಾಗಿ ಹೋಗುವಾಗ ಕಮೋಡಿನ ಬಾಗಿನಲ್ಲಿ ನಿಲ್ಲಬೇಕಾದ ನೀರನ್ನೂ ಎಳೆದುಕೊಂಡು ಹೋಗುತ್ತೆ, ಶಾಪಿನ ತುಂಬ ವಾಸನೆ. ಇನ್ನೊಂದು ವಿನಂತಿ: ಕೂಲಂಟ್, ಎಣ್ಣೆ ಕೈ ತೊಳೆದ ನೀರನ್ನು ಈ ಲೈನಿಗೆ ಸೇರಿಸಬೇಡಿ. ಸೆಪ್ಟಿಕ್ ಟ್ಯಾಂಕಿನಲ್ಲಿ ಹೊಲಸನ್ನು ಕರಗಿಸುವುದು ಜೀವಾಣು. ಎಣ್ಣೆಗೆ ಅವು ಸಾಯುತ್ತವೆ.

ಫ್ರೇಮ್ ನಿಂತ ಮೇಲೆ, ಗೋಡೆ ಮುಚ್ಚುವ ಮೊದಲು, ಎರಡು ಪರೀಕ್ಷೆ ಆಗಲೇಬೇಕು. ಪೈಪಿನ ಬಾಯಿ ಮುಚ್ಚಿ ನೀರು ತುಂಬಿಸಿ ಒಂದು ಗಂಟೆ ಬಿಟ್ಟೆವು, ಮಟ್ಟ ಇಳಿಯಲಿಲ್ಲ. ಭಾರದ ಪರೀಕ್ಷೆಗೆ ಕಮೋಡ್ ಬದಲು ಚಾನಲ್ಲಿನದೇ ಒಂದು ತೋಳು ಮಾಡಿ, ಕಮೋಡ್ ಹಿಡಿಯುವ ಅದೇ ಎರಡು ಬೋಲ್ಟಿಗೆ (ಸ್ಟಡ್) ಬಿಗಿದು, ಗೋಡೆಯಿಂದ 400 ಮಿಮೀ ದೂರಕ್ಕೆ ಬೀಡಿನ ಬಾಡಿಗಳನ್ನು ಒಂದೊಂದಾಗಿ ತೂಗುಹಾಕಿದೆವು. ಒಳ್ಳೇ ಕಮೋಡುಗಳು 400 ಕೆಜಿ ತಡೆಯುತ್ತವೆ ಅಂತ ಕಂಪನಿಗಳು ಹೇಳುತ್ತವೆ, ಹಾಗಾಗಿ ಫ್ರೇಮೂ ಅಷ್ಟು ತಡೆಯಬೇಕು ಅಲ್ವಾ. ಎಷ್ಟು ಬಾಗಿತು ಅಂತ ತೋರಿಸುವ ಡಯಲ್ ಗೇಜನ್ನು ತೋಳಿನ ತುದಿಗೆ ಹಚ್ಚಿ ಕಾಕಾ ಅವರೇ ಮುಂದೆ ಕೂತರು. 400 ಕೆಜಿಗೆ ಮುಳ್ಳು ಒಂದು ಸುತ್ತು ದಾಟಿ ಸ್ವಲ್ಪ ಮುಂದೆ ನಿಂತಿತು, 1.2 ಮಿಮೀ. ರಾತ್ರಿ ಹಾಗೇ ಬಿಟ್ಟೆವು. ಬೆಳಿಗ್ಗೆ ಭಾರ ಇಳಿಸಿದಾಗ ಮುಳ್ಳು ಹತ್ತಿರ ಹತ್ತಿರ ಸೊನ್ನೆಗೆ ವಾಪಸ್ ಬಂತು. ಕಾಕಾ ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ನೋಡಿ, "ಆತು, ಮುಚ್ರಿ ಗ್ವಾಡಿ" ಅಂದರು.

ಮುಚ್ಚುವ ಮೊದಲು ರೆಡ್ ಆಕ್ಸೈಡ್, ಅದರ ಮೇಲೆ ಎರಡು ಕೋಟ್ ಎಪಾಕ್ಸಿ. ಬೆಳಗಾವಿಯ ಮಳೆಗಾಲದಲ್ಲಿ ಕಪಾಟಿನೊಳಗಿನ ಪಾನಾಗಳಿಗೂ ತುಕ್ಕು ಬರುತ್ತೆ, ಇನ್ನು ಗೋಡೆಯೊಳಗಿನ ಫ್ರೇಮಿಗೆ ಕೇಳಬೇಕೇ. ವೆಲ್ಡಿಂಗ್ ಆದ ಜಾಗವನ್ನು ಬ್ರಷ್ಷಿನಿಂದ ಉಜ್ಜಿ ಬಣ್ಣ ಕೊಡಿ. ಮುಂಭಾಗಕ್ಕೆ ಎರಡು ಪದರ ಸಿಮೆಂಟ್ ಬೋರ್ಡ್, ಅದರ ಮೇಲೆ ಟೈಲ್. ನಾವು ಈ ಗೋಡೆಯನ್ನು ಮಾಡಿನ ತನಕ ಒಯ್ಯಲಿಲ್ಲ, 1200 ಮಿಮೀಗೆ ನಿಲ್ಲಿಸಿ ಮೇಲೆ ಕಡಪಾ ಕಲ್ಲು ಹಾಕಿದೆವು. ಮೊಬೈಲು, ಕನ್ನಡಕ ಇಡಲು ಜಾಗ ಆಯಿತು. ವಾಲ್ವ್ ಪಕ್ಕದಲ್ಲಿ ಒಂದು ಅಡಿ ಚೌಕದ ಬಾಗಿಲು ಬಿಡಲೇಬೇಕು. ಚೆಂದ ಕಾಣಲ್ಲ ಅಂತ ಗವಂಡಿ ಮುಚ್ಚಲು ಹೊರಟರೆ ಒಪ್ಪಬೇಡಿ.

ಈಗ ಕಮೋಡ್ ಏರಿಸುವ ಹೊತ್ತು. ಎರಡು ಪೈಪನ್ನೂ ಗೋಡೆಯಿಂದ ಹೊರಕ್ಕೆ ಉದ್ದ ಬಿಟ್ಟು, ಕಮೋಡಿನ ಬಾಯಿ ಎಷ್ಟು ಆಳ ಇದೆ ಅಂತ ಅಳೆದು, ಅಷ್ಟಕ್ಕೆ ಕತ್ತರಿಸಿ. ಉದ್ದ ಉಳಿದರೆ ಕಮೋಡ್ ಗೋಡೆಗೆ ಕೂರೋದಿಲ್ಲ, ಗಿಡ್ಡ ಆದರೆ ಗೋಡೆಯೊಳಗೆ ಸೋರುತ್ತೆ. ಕತ್ತರಿಸಿದ ಅಂಚನ್ನು ಅರದಿಂದ ಉಜ್ಜಿ ಸ್ವಲ್ಪ ಇಳಿಜಾರು ಮಾಡಿ, ಇಲ್ಲದಿದ್ದರೆ ರಬ್ಬರ್ ಹರಿಯುತ್ತೆ.

ಜಾರಿಸಲು ಸೋಪಿನ ನೀರು ಹಚ್ಚಿ. ಗ್ರೀಸ್ ಬೇಡ. ಇದನ್ನು ಜೋರಾಗಿ ಹೇಳುತ್ತೇನೆ, ಯಾಕಂದ್ರೆ ಮೊದಲ ಸಲ ನಮ್ಮಲ್ಲಿ ಆದ ತಪ್ಪು ಇದೇ. ಮಷಿನ್ ಶಾಪಿನಲ್ಲಿ ಗ್ರೀಸ್ ಡಬ್ಬಿ ಕೈಗೆಟುಕುವಲ್ಲೇ ಇರುತ್ತೆ, ಹುಡುಗ ಒಳ್ಳೆಯದಕ್ಕೇ ಅಂತ ಹಚ್ಚಿದ. ಎರಡು ತಿಂಗಳಿಗೆ ಕಮೋಡಿನ ಅಡಿಯಲ್ಲಿ ಹನಿ ಕಂಡಿತು. ಬಿಚ್ಚಿ ನೋಡಿದರೆ ರಬ್ಬರ್ ರಿಂಗ್ ಉಬ್ಬಿ, ಮೆತ್ತಗಾಗಿ, ನೀರಲ್ಲಿ ನೆನೆದ ಕಡಲೆಯಂತೆ ಆಗಿತ್ತು. ಈ ಥರದ ರಬ್ಬರಿಗೆ ಖನಿಜ ಎಣ್ಣೆ ಆಗಿಬರೋದಿಲ್ಲ.

ಕಮೋಡ್ ಮತ್ತು ಟೈಲಿನ ನಡುವೆ ಡಬ್ಬಿಯಲ್ಲಿ ಬರುವ ಫೋಮ್ ಹಾಳೆ ಇಡಿ, ಬಿಸಾಡಬೇಡಿ. ಇಬ್ಬರು ಎತ್ತಿ ಹಿಡಿಯಲಿ, ಒಬ್ಬರು ಬಿಗಿಯಲಿ. ಪ್ಲಾಸ್ಟಿಕ್ ಬುಶ್, ರಬ್ಬರ್ ವಾಶರ್ ಹಾಕಿ ಎಡ ಬೋಲ್ಟಿಗೆ ಅರ್ಧ ಸುತ್ತು, ಬಲ ಬೋಲ್ಟಿಗೆ ಅರ್ಧ ಸುತ್ತು, ಮಧ್ಯೆ ರಸಮಟ್ಟ ನೋಡುತ್ತಾ ಹೋಗಿ. ನಮ್ಮ ಹುಡುಗರ ಕೈ ಕಬ್ಬಿಣಕ್ಕೆ ಪಳಗಿದ್ದು, ಪಾನಾ ಹಿಡಿದರೆ ಕೊನೆ ತನಕ ಎಳೆಯುತ್ತಾರೆ. ಇದು ಪಿಂಗಾಣಿ, ಹಾಗೆ ಎಳೆದರೆ ಬಿರಿಯುತ್ತೆ. ಅದಕ್ಕೇ ಗಿಡ್ಡ ಪಾನಾ ಕೊಟ್ಟೆ. ಕಮೋಡ್ ಅಲುಗಾಡದಷ್ಟು ಬಿಗಿ ಸಾಕು. ಮರುದಿನ ಒಮ್ಮೆ ನೋಡಿ ಕಾಲು ಸುತ್ತು. ಸಿಲಿಕಾನ್ ಮೇಲೆ ಮತ್ತು ಎರಡು ಬದಿಗೆ ಮಾತ್ರ ಹಚ್ಚಿ. ಕೆಳಗೆ ಖಾಲಿ ಬಿಡಿ, ಒಳಗೆ ಸೋರಿದರೆ ಅಲ್ಲಿಂದ ಹನಿ ಹೊರಬಂದು ಸುದ್ದಿ ಕೊಡುತ್ತೆ. ನಮ್ಮ ಆ ಹನಿ ಕಂಡಿದ್ದೂ ಅಲ್ಲೇ.

ವಾಲ್ವ್ ಜೋಡಿಸುವ ಮೊದಲು ಪೈಪಿನಲ್ಲಿ ಎರಡು ಮೂರು ಬಕೆಟ್ ನೀರು ಹಾಗೇ ಬಿಟ್ಟು ತೊಳೆಯಿರಿ. ವಾಲ್ವ್‌ಗೆ ನೀರು ಬರುವ ಕಡೆ ಕಸ ತಡೆಯುವ ಒಂದು ವೈ ಫಿಲ್ಟರ್ ಹಾಕಿ. ಕಾರಣ, ವಾಲ್ವಿನ ಒಳಗಿನ ಸಂಗತಿ ಬಹಳ ನಾಜೂಕು. ನಡುವೆ ಒಂದು ಪರದೆ, ಅದರಲ್ಲಿ ಸೂಜಿಮೊನೆಯಂಥ ಒಂದು ತೂತು. ಆ ತೂತಿನಿಂದ ನೀರು ಮೇಲಿನ ಕೋಣೆಗೆ ಸೇರಿ, ಪರದೆಯನ್ನು ಒತ್ತಿ ದಾರಿ ಮುಚ್ಚಿರುತ್ತೆ. ಗುಂಡಿ ಒತ್ತಿದಾಗ ಮೇಲಿನ ನೀರು ಖಾಲಿಯಾಗುತ್ತೆ, ಪರದೆ ಏಳುತ್ತೆ, ನೀರು ನುಗ್ಗುತ್ತೆ. ಮತ್ತೆ ಆ ಸಣ್ಣ ತೂತಿನಿಂದ ಮೇಲಿನ ಕೋಣೆ ತುಂಬಿದಾಗ ತಾನೇ ಮುಚ್ಚುತ್ತೆ. ಅಷ್ಟೇ. ಆ ತೂತಿಗೆ ಒಂದು ಮರಳಿನ ಕಣ ಸಿಕ್ಕರೆ ಸಾಕು, ವಾಲ್ವ್ ನಿಲ್ಲೋದೇ ಇಲ್ಲ.

ನಮ್ಮಲ್ಲೂ ಒಂದು ದಿನ ಹಾಗಾಯಿತು. ಹುಡುಗ ಓಡಿ ಬಂದು "ಸರ, ನೀರ್ ನಿಂದ್ರವಲ್ದ್ರಿ!" ಅಂದ. ಮೊದಲು ಬಾಲ್ ವಾಲ್ವ್ ಮುಚ್ಚಿ. ಆಮೇಲೆ ವಾಲ್ವಿನ ಮುಚ್ಚಳ ಬಿಚ್ಚಿ ಪರದೆ ಹೊರತೆಗೆದು ಶುದ್ಧ ನೀರಲ್ಲಿ ತೊಳೆಯಿರಿ. ಬೋರಿನ ಗಡಸು ನೀರಿನ ಬಿಳಿ ಪದರ ಕೂತಿದ್ದರೆ ಸ್ವಲ್ಪ ಹೊತ್ತು ವಿನೆಗರಿನಲ್ಲಿ ನೆನೆಹಾಕಿ. ತಂತಿ, ಸೂಜಿ ಚುಚ್ಚಬೇಡಿ. ತೂತು ದೊಡ್ಡದಾದರೆ ಕೋಣೆ ಬೇಗ ತುಂಬಿ ಫ್ಲಶ್ ಅರ್ಧಕ್ಕೇ ನಿಂತುಬಿಡುತ್ತೆ. ಫಿಲ್ಟರನ್ನು ತಿಂಗಳಿಗೊಮ್ಮೆ ತೊಳೆಯುತ್ತೇವೆ, ಮೊದಲ ಶನಿವಾರ, ಕಂಪ್ರೆಸರಿನ ನೀರು ಬಿಡುವ ದಿನವೇ.

ಕೊನೆಗೆ ಆ ಒಂದು ಅಡಿ ಬಾಗಿಲಿನ ಒಳಬದಿಗೆ ಮಾರ್ಕರಿನಿಂದ ಎಲ್ಲ ಬರೆದಿಟ್ಟೆ: ಪೈಪ್ 260, ಬೋಲ್ಟ್ 360, ನೀರು 395, ಸ್ಟಡ್ ಸೆಂಟರ್ 180 ಮತ್ತು 230, ಕಾಲಿನ ಆಂಕರ್ ಎಲ್ಲೆಲ್ಲಿ, ಪೈಪ್ ಯಾವ ದಾರಿಯಲ್ಲಿ ಛೇಂಬರಿಗೆ ಹೋಗಿದೆ. ಕೆಳಗೆ ಕಾಕಾ ತಮ್ಮ ಕೈಯಿಂದಲೇ ಒಂದು ಸಾಲು ಸೇರಿಸಿದ್ದಾರೆ: "ಗ್ರೀಸ್ ಹಚ್ಚಬಾರದು."